ಮುಸೋಂಡಾ ಅತ್ತೆಯ ಮೇಕೆ

ಕಿಟ್ವೆ
೧೯ ಜೂನ್ ೧೯೯೪

ಮುತಾಲೆಯ ಅಪ್ಪನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತೆಂದು ಬೇಸರಿಸಬೇಡಿ. ಶಾಲೆಯ ಸಮವಸ್ತ್ರದ ಹೊಲಿಗೆ ತಲೆಯ ಮೇಲೆ ಕೂತಿದೆ. ಮಿಷನ್ ತುಳಿದೂ ತುಳಿದೂ ಈ ಕಾಲು ನನ್ನದಲ್ಲ ಅನ್ನಿಸುತ್ತದೆ. ನ್ಶಿಮಾ ಮುದ್ದೆ ತಿರುವುವ ಕೆಲಸ ಈಗ ಮುತಾಲೆಯದು. ಗಂಟು ಕಟ್ಟಿತೆಂದರೆ, "ಅಪ್ಪ ಬಂದಾಗ ಚೆನ್ನಾಗಿ ಮಾಡ್ತೀನಿ ಬಿಡಮ್ಮ" ಅನ್ನುತ್ತಾಳೆ.

ಶನಿವಾರ ಇಲ್ಲಿ ಹವ್ಯಾಸಿಗಳ ಚೆಸ್ ಪಂದ್ಯಾವಳಿ ಇತ್ತು. ಒಲ್ಲೆನೆಂದರೂ ಮುತಾಲೆ ಎಳೆದುಕೊಂಡು ಹೋದಳು. ಎರಡು ಆಟ ಗೆದ್ದೆ. ಮೂರನೆಯದಕ್ಕೆ ಎದುರು ಕೂತವಳು ನೀವು ರೈಲ್ವೆ ಕೆಲಸಕ್ಕಿರುವ ಎಂಪಿಕಾದಿಂದಲೇ ಬಂದವಳು. ಬಿಳಿ ಕಾಯಿ ಅವಳದು. ರಾಜನ ಕಡೆಯ ಕುದುರೆಯ ಮುಂದಿನ ಪದಾತಿಯನ್ನು ಎರಡು ಮನೆ ನೂಕಿ, "ತಗೋ ಅಕ್ಕ, ಮೇಕೆ ಬಿಟ್ಟೆ! ಮುಸೋಂಡಾ ಅತ್ತೆ ಮೇಕೆ!" ಎಂದು ನಕ್ಕಳು.

"ಶ್! ಇದೇನು ಸಂತೆನಾ?" ಎಂದು ತೀರ್ಪುಗಾರ ಗದರಿದ.

ನನಗೂ ನಗು ಬಂತು. ಮದುವೆಗೆ ಮುಂಚೆ ನೀವು ನನ್ನನ್ನು ನೋಡಲು ಬರುತ್ತಿದ್ದಾಗ ಒಮ್ಮೆ ಇದೇ ನಡೆ ಇಟ್ಟಿರಿ. ಅಷ್ಟರಲ್ಲೇ ನನ್ನ ಸೋದರತ್ತೆ ಮುಸೋಂಡಾಳ ಮೇಕೆ ಹಗ್ಗ ಕಿತ್ತು ನುಗ್ಗಿ ಹಲಗೆಯನ್ನೇ ಉರುಳಿಸಿತ್ತಲ್ಲ! "ಈ ನಡೆಗಿಟ್ಟ ಹೆಸರು ನಮ್ಮಿಬ್ಬರದೇ, ಯಾರಿಗೂ ಹೇಳ್ಬೇಡ" ಅಂದವರು ನೀವೇ. ಅಲ್ಲಿನ ಚೆಸ್ ಕ್ಲಬ್ಬಿನಲ್ಲಿ ನೀವು ಎಲ್ಲರಿಗೂ ಕಲಿಸಿರಬೇಕು ಅಂದುಕೊಂಡೆ. ಪುಕ್ಕಟೆ ಸಿಕ್ಕಿತೆಂದು ಆ ಮೇಕೆಯನ್ನು ಹೊಡೆದರೆ ಇನ್ನೊಂದು ಕಡೆಯಿಂದ ರಾಣಿ ನುಗ್ಗುವುದು ನನಗೆ ಗೊತ್ತಿಲ್ಲವೇ? ಮುಟ್ಟಲಿಲ್ಲ. ಆಟ ನನ್ನ ಕೈಯಲ್ಲೇ ಇತ್ತು.

ಆದರೂ ಸೋತೆ. ನನ್ನ ಗಡಿಯಾರ ಓಡಿ ಮುಗಿಯಿತು. "ಗೆಲ್ಲೋಕೆ ಒಂದೇ ನಡೆ ಇತ್ತಲ್ಲಮ್ಮ, ಯಾಕೆ ಸುಮ್ನೆ ಕೂತೆ?" ಎಂದು ಮುತಾಲೆ ದಾರಿಯುದ್ದಕ್ಕೂ ಕಾಡಿದಳು. ಸುಸ್ತಾಗಿತ್ತು ಎಂದೆ.

ಚಳಿ ಜೋರಾಗಿದೆ, ಸ್ವೆಟರ್ ಹಾಕಿಕೊಳ್ಳಿ. ದೇವರು ನಿಮ್ಮನ್ನು ಕಾಯಲಿ.

ಇಂತಿ,
ಮುತಾಲೆಯ ಅಮ್ಮ

ತಾ.ಕ.: ಆಟದ ನಡುವೆ ಹಿಂದಿನ ಬೆಂಚಿನಲ್ಲಿ ಮಗುವೊಂದು ಅತ್ತಿತು. ಅವಳು ಎದ್ದುಹೋಗಿ ಎತ್ತಿಕೊಂಡು ಬಂದಳು. "ನನ್ನ ಮಗ ಅಕ್ಕ, ಬ್ವಾಲ್ಯಾ. ಮೇಕೆ ಬಿಡೋದು ಕಲಿಸಿದ್ದು ಇವರಪ್ಪನೇ. ಮೂಲ ಈ ಕಿಟ್ವೆಯವರೇ, ಈಗ ನಮ್ಮೂರ ರೈಲ್ವೆ ವರ್ಕ್‌ಶಾಪಲ್ಲಿದಾರೆ" ಎಂದು ಪಿಸುಗುಟ್ಟಿದಳು. ಮಗುವಿನ ಕಿವಿಯ ಮೇಲ್ತುದಿ ನಿಮ್ಮದರಂತೆ, ಮುತಾಲೆಯದರಂತೆ ಮಡಚಿಕೊಂಡಿದೆ. ಆಮೇಲೆ ನನ್ನ ಕೈ ಏಳಲಿಲ್ಲ. ಪಾಪ, ಅವಳಿಗೆ ನಾನು ಯಾರೆಂದೂ ತಿಳಿಯದು. ಮುತಾಲೆಯಂತೂ ಆ ಮಗುವನ್ನು ಸಂಜೆಯವರೆಗೂ ಸೊಂಟದ ಮೇಲೆ ಹೊತ್ತು ಆಡಿಸಿದಳು. ಮಗಳಿಗೆ ಏನೂ ಹೇಳಿಲ್ಲ. ಜಗಳಕ್ಕೂ ನನ್ನಲ್ಲಿ ತ್ರಾಣವಿಲ್ಲ.

ಇಷ್ಟು ವರ್ಷ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ ನಾನು, ಮುತಾಲೆಯ ಅಪ್ಪ ಎಂದೇ ಕರೆದೆ. ಆ ಎಂಪಿಕಾದವಳ ಬಾಯಲ್ಲಿ ನೀವು ಬ್ವಾಲ್ಯಾನ ಅಪ್ಪ.

ಆ ಮೇಕೆ ನನ್ನ ಅತ್ತೆಯದು, ಕ್ರಿಸ್ಪಿನ್.