ತಾಯಿಯ ಸಹಿಯ ಜಾಗ

ರಾಜಾಜಿನಗರ, ಬೆಂಗಳೂರು
೧೮ ಜೂನ್ ೧೯೭೪, ಮಂಗಳವಾರ

ಪ್ರೀತಿಯ ಕಮಲಕ್ಕನಿಗೆ ನಿನ್ನ ತಂಗಿ ರಾಜಿಯ ಶರಣು. ಭಾವನವರಿಗೂ ತಿಳಿಸು.

ಎಲ್ಲರೂ ಕ್ಷೇಮ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು ನಮ್ಮ ರೂಢಿ. ಮೈಗೇನೋ ಮೂವರೂ ಕ್ಷೇಮವೇ. ಆದರೆ ಇದು ಕ್ಷೇಮಸಮಾಚಾರದ ಕಾಗದವಲ್ಲ, ನಿಂತು ಓದಬೇಡ, ಕೂತು ಓದು. ಮೊದಲು ಸಿಹಿ ಸುದ್ದಿ. ನಿನ್ನ ಮಗಳು ಶಿವಗಂಗಾ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಶಾಲೆಗೆ ಮೊದಲು. ಆರುನೂರಕ್ಕೆ ಐನೂರ ಹನ್ನೆರಡು, ಗಣಿತದಲ್ಲಿ ತೊಂಬತ್ತಾರು. ಪತ್ರಿಕೆಯಲ್ಲಿ ನಂಬರು ನೋಡಿದ ನಮ್ಮವರು ಸೈಕಲ್ಲನ್ನು ಗೇಟಿನ ಹತ್ತಿರವೇ ಬೀಳಿಸಿ ಒಳಗೆ ಓಡಿ ಬಂದರು. ಮದುವೆಯಾದ ಮೇಲೆ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾವನವರು ಕಳಿಸಿದ್ದ ಅರ್ಜಿಯನ್ನು ಅಂದೇ ಪೆಟ್ಟಿಗೆಯಿಂದ ತೆಗೆದೆವು. ಹೊರದೇಶದ ನಮ್ಮ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡುವವರ ಮಕ್ಕಳಿಗೆಂದು ದೆಹಲಿಯ ಸಂಘದವರು ಕೊಡುವ ಪ್ರತಿಭಾ ವಿದ್ಯಾರ್ಥಿವೇತನ. ಶೇಕಡಾ ಎಂಬತ್ತು ಬೇಕೆಂದಿದ್ದರು, ಇವಳಿಗೆ ಎಂಬತ್ತೈದು ಬಂದಿದೆ. ಸಿಕ್ಕಿದರೆ ದೆಹಲಿಯ ಹಾಸ್ಟೆಲ್ಲು, ಒಳ್ಳೆಯ ಕಾಲೇಜು, ಮುಂದೆ ಡಾಕ್ಟರಿಕೆ ಓದುವುದಕ್ಕೂ ಅವರದೇ ಆಸರೆ. ಸಿಗದಿದ್ದರೆ ಡಾಕ್ಟರಿಕೆ ಬಾಯಿಮಾತಾಗಿಯೇ ಉಳಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ ಮೂವತ್ತೊಂದಕ್ಕೆ ಅವಳು ಕೆಂಪು ಶಾಯಿಯ ಸುತ್ತು ಹಾಕಿದ್ದಾಳೆ. ಅರ್ಜಿ ದೆಹಲಿ ಸೇರಬೇಕಾದ ಕೊನೆಯ ದಿನ ಅದು. ಹಾಲು ಕಾಯಿಸಲು ಹೋದರೂ, ದೀಪ ಹಚ್ಚಲು ಹೋದರೂ ಆ ಸುತ್ತು ನನ್ನ ಕಣ್ಣಿಗೆ ಬೀಳುತ್ತದೆ.

ಈಗ ಕಹಿ ಸುದ್ದಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಚನ್ನವೀರಪ್ಪ ಎಂದು ಭಾವನವರ ಹೆಸರಿಲ್ಲ. ಸಿದ್ದಬಸಪ್ಪ ಎಂದು ನಮ್ಮವರ ಹೆಸರಿದೆ. ಒಂದನೇ ತರಗತಿಗೆ ಸೇರಿಸಿದಾಗ ಶಾಲೆಯ ರಿಜಿಸ್ಟರಿನಲ್ಲಿ ಬಿದ್ದದ್ದು ಹತ್ತು ವರ್ಷ ಹಾಗೇ ನಡೆದುಬಂದಿದೆ. ಆಗಿನ ಗುಮಾಸ್ತರು ಕೃಷ್ಣಯ್ಯನವರ ಕೈತಪ್ಪು. ಮಗುವನ್ನು ಕರೆದುಕೊಂಡು ಬಂದವಳು ನಾನು, ಹಾಗಾಗಿ ನನ್ನ ಯಜಮಾನರ ಹೆಸರು ಬರೆದುಬಿಟ್ಟಿದ್ದಾರೆ. ನಾವೂ ಆಮೇಲೆ ಸರಿಪಡಿಸಿದರಾಯಿತೆಂದು ಉದಾಸೀನ ಮಾಡಿದೆವು, ಅದು ನಮ್ಮ ತಪ್ಪು. ಆದರೆ ಈಗ ದೆಹಲಿಯವರು ಅಂಕಪಟ್ಟಿ ನೋಡಿದರೆ ಏನು ತಿಳಿಯುತ್ತಾರೆ ಹೇಳು. ಕಾರ್ಖಾನೆಯ ಸ್ಟೋರ್ ಕೀಪರೊಬ್ಬನ ಮಗಳು ರಾಯಭಾರ ಕಚೇರಿಯವರ ಮಕ್ಕಳ ಪಾಲಿಗೆ ಕೈಹಾಕಿದ್ದಾಳೆ ಅನ್ನುವುದಿಲ್ಲವೇ? ಅದನ್ನು ನೆನೆದಾಗಲೆಲ್ಲ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತದೆ.

ಸುಮ್ಮನೆ ಕೂತಿಲ್ಲ. ನಮ್ಮವರು ಎರಡು ದಿನ ರಜೆ ಹಾಕಿ ದಾವಣಗೆರೆಗೆ ಹೋಗಿ, ನಗರಸಭೆಯಿಂದ ಗಂಗಾಳ ಜನನದ ದಾಖಲೆ ತಂದರು. ನಾನು ಕೃಷ್ಣಯ್ಯನವರನ್ನು ಹುಡುಕಿಕೊಂಡು ಬ್ಯಾಡರಹಳ್ಳಿಗೆ ಹೋದೆ. ನಿವೃತ್ತರಾಗಿ ಅಲ್ಲಿ ತೋಟ ಮಾಡಿಕೊಂಡಿದ್ದಾರೆ. ಮಾಗಡಿ ರಸ್ತೆಯ ಬಸ್ಸು ಅರ್ಧ ದಾರಿಗೇ ಇಳಿಸಿತು, ಉಳಿದದ್ದು ನಡಿಗೆ. ತಪ್ಪು ತಮ್ಮದೇ ಎಂದು ಅವರು ಬರೆದುಕೊಟ್ಟಿದ್ದಾರೆ. ಅದನ್ನು ನೋಡಿ ಹೆಡ್‌ಮಿಸ್ಟ್ರೆಸ್ಸರು ಪರೀಕ್ಷಾ ಕಚೇರಿಗೆ ಪತ್ರ ಕೊಟ್ಟರು. ಆ ಕಚೇರಿಯವರು ಇನ್ನೆರಡು ಕಾಗದ ಕೇಳಿದ್ದಾರೆ. ಒಂದು ನನ್ನ ಅಫಿಡವಿಟ್ಟು. ಇನ್ನೊಂದು, ಈ ಹುಡುಗಿ ನನ್ನ ಮಗಳು ಎಂದು ಭಾವನವರು ಬರೆದು, ರಾಯಭಾರ ಕಚೇರಿಯ ಮೊಹರು ಹಾಕಿಸಿದ ಹೇಳಿಕೆ.

ಅಫಿಡವಿಟ್ಟು ಮಾಡಿಸಲು ಕೋರ್ಟಿನ ಮುಂದಿನ ಹೊಂಗೆ ಮರದ ಕೆಳಗೆ ಕೂರುವ ಬೆರಳಚ್ಚಿನವರ ಹತ್ತಿರ ಹೋಗಿದ್ದೆವು. ಮುನಿಯಣ್ಣ ಎಂದು ಅವರ ಹೆಸರು. ವಿಷಯ ಕೇಳಿಕೊಂಡು ಪಟಪಟನೆ ಹೊಡೆದು ಗಟ್ಟಿಯಾಗಿ ಓದಿದರು: ‘ಸದರಿ ಶಿವಗಂಗಾ ನನ್ನ ಮಗಳಲ್ಲವೆಂದು ಪ್ರಮಾಣ ಮಾಡುತ್ತೇನೆ.’ ಗಂಗಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಅದು ಬೇಡ, ನನ್ನ ಅಕ್ಕನ ಮಗಳು ಎಂದು ಬರೆಯಿರಿ ಅಂದೆ.

‘ಎರಡೂ ಒಂದೇ ಅಲ್ವೇನಮ್ಮ?’ ಅಂದರು.

‘ಅಲ್ಲ’ ಅಂದೆ.

ಅವರು ಗೊಣಗಿಕೊಂಡೇ ಬೇರೆ ಕಾಗದ ಸಿಕ್ಕಿಸಿ ಮೊದಲಿನಿಂದ ಹೊಡೆದರು. ಸಹಿ ಹಾಕುವಾಗ ಹೆಸರಿನ ಕೊನೆಯಕ್ಷರ ಗೆರೆಯಿಂದ ಕೆಳಗೆ ಹೋಗಿದೆ. ನಡೆಯುತ್ತದೆಯೋ ಇಲ್ಲವೋ ಎಂದು ಅದೊಂದು ಚಿಂತೆ.

ನನಗೆ ಈಗಿರುವ ದೊಡ್ಡ ಭಯ ರಾಯಭಾರ ಕಚೇರಿಗೆ ಟಪಾಲು ಒಯ್ಯುವ ಬ್ಯಾಗಿನದು. ರೈಲು ಮುಷ್ಕರ ಮುಗಿದರೂ ಟಪಾಲು ಇನ್ನೂ ಹಳಿಗೆ ಬಂದಿಲ್ಲ. ಇದನ್ನು ರಿಜಿಸ್ಟರ್ ಮಾಡಿ ದೆಹಲಿಯ ವಿದೇಶಾಂಗ ಇಲಾಖೆಗೆ ಕಳಿಸುತ್ತಿದ್ದೇನೆ. ಪ್ರಾಗಿಗೆ ಬರುವ ನಿಮ್ಮ ಬ್ಯಾಗು ಹದಿನೈದು ದಿನಕ್ಕೊಮ್ಮೆ ತಾನೆ? ಇಪ್ಪತ್ತಾರರದ್ದು ಸಿಕ್ಕಿದರೆ ತಿಂಗಳ ಕೊನೆಗೆ ನಿನ್ನ ಕೈ ಸೇರಬಹುದು. ತಪ್ಪಿದರೆ ಜುಲೈ ಅರ್ಧ ಕಳೆದಿರುತ್ತದೆ. ಆದ್ದರಿಂದ ಭಾವನವರು ಕೋಪ ಬಂದರೂ ಅದನ್ನು ಆಮೇಲಕ್ಕಿಟ್ಟುಕೊಂಡು, ಕಾಗದ ಕಂಡ ದಿನವೇ ಎರಡು ಪ್ರತಿ ಹೇಳಿಕೆ ಬರೆಯಲಿ. ಒಂದು ಪ್ರತಿಯನ್ನೂ ಇದರೊಳಗಿರುವ ಅರ್ಜಿಯನ್ನೂ ಮೊದಲ ಬ್ಯಾಗಿನಲ್ಲೇ ನೇರವಾಗಿ ದೆಹಲಿಯ ಸಂಘಕ್ಕೆ ಹಾಕಿಬಿಡಿ. ಇನ್ನೊಂದು ಇಲ್ಲಿಗೆ ಬರಲಿ. ಸಂಘದವರಿಗೆ ಪರಿಸ್ಥಿತಿ ವಿವರಿಸಿ ಹೆಡ್‌ಮಿಸ್ಟ್ರೆಸ್ಸರು ಬರೆದ ಪತ್ರವನ್ನೂ ಜೊತೆಗಿಟ್ಟಿದ್ದೇನೆ.

ಹುಡುಗಿ ಊಟ ಕಡಿಮೆ ಮಾಡಿದ್ದಾಳೆ. ಕೇಳಿದರೆ ಹಸಿವಿಲ್ಲ ಅನ್ನುತ್ತಾಳೆ. ಪೋಸ್ಟ್‌ಮ್ಯಾನ್ ವೆಂಕಟಗಿರಿ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಗೇಟಿನಲ್ಲಿರುತ್ತಾಳೆ. ನಿಮ್ಮ ಉತ್ತರ ಇಷ್ಟು ಬೇಗ ಬರುವುದಿಲ್ಲವೆಂದು ಅವಳಿಗೂ ಗೊತ್ತು.

ಇತಿ ನಿನ್ನ ತಂಗಿ,
ಬಸವರಾಜೇಶ್ವರಿ

ವಿ.ಸೂ.: ಅಕ್ಕ, ಈ ಹಾಳೆ ನಿನಗೆ ಮಾತ್ರ. ಭಾವನವರಿಗೆ ಮೇಲಿನ ಹಾಳೆಗಳನ್ನು ತೋರಿಸಿ ಹೇಳಿಕೆ ಬರೆಸಿಕೊ. ಇದನ್ನು ತೋರಿಸುವುದು, ಬಿಡುವುದು ನಿನಗೆ ಬಿಟ್ಟದ್ದು.

ಕೃಷ್ಣಯ್ಯನವರ ಕೈ ತಪ್ಪಿರಲಿಲ್ಲ. ಅವತ್ತು ಅವರು ಪೆನ್ನು ಶಾಯಿಯಲ್ಲಿ ಅದ್ದಿಕೊಂಡು, ಮಗು ಯಾರದಮ್ಮ ಎಂದು ಸರಿಯಾಗಿಯೇ ಕೇಳಿದ್ದರು. ನಮ್ಮದು ಅಂದೆ. ತಂದೆಯ ಹೆಸರು ಕೇಳಿದರು. ನಮ್ಮವರ ಹೆಸರು ಹೇಳಿದೆ. ನನಗೆ ಎರಡನೆಯ ಮಗುವೂ ಹೊಟ್ಟೆಯಲ್ಲೇ ಹೋಗಿ ಆಗ ಎಂಟು ತಿಂಗಳಾಗಿತ್ತು. ಕಾಬೂಲಿನ ಚಳಿಗೆ ಮಗುವಿಗೆ ಆಗಿಬರುವುದಿಲ್ಲ, ಶಾಲೆಯೂ ಇಲ್ಲ ಎಂದು ನೀನು ಅವಳನ್ನು ಬಿಟ್ಟುಹೋಗಿ ಮೂರು ವಾರ. ಆ ಮೂರು ವಾರ ನಿನ್ನನ್ನು ಕೇಳಿ ಅತ್ತವಳು, ಅವತ್ತು ಬೆಳಿಗ್ಗೆ ಮೊದಲ ಸಲ ತಾನಾಗಿ ಬಂದು ನನ್ನ ಕೈ ಹಿಡಿದಿದ್ದಳು. ಆ ಕೈ ಹಿಡಿದುಕೊಂಡು ನಿಂತಾಗ ಬೇರೆ ಉತ್ತರ ನನ್ನ ಬಾಯಿಗೆ ಬರಲಿಲ್ಲ. ಆಸೆಪಟ್ಟು ಹೇಳಿದೆ ಅಕ್ಕ, ತಿಳಿಯದೆ ಹೇಳಿದ್ದಲ್ಲ.

ಮೊದಲ ಪ್ರೋಗ್ರೆಸ್ ಕಾರ್ಡು ಬಂದಾಗ ನಮ್ಮವರು ನೋಡಿದರು. ಇದು ಸರಿಯಲ್ಲ ರಾಜಿ, ಹೋಗಿ ತಿದ್ದಿಸು ಅಂದರು. ಆಗಲಿ ಅಂದೆ, ಹೋಗಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಅಂಕಗಳ ಕಾರ್ಡು ಕಳಿಸು ಎಂದು ನೀನು ಬರೆದಾಗಲೆಲ್ಲ, ಬ್ಯಾಗಿನಲ್ಲಿ ಕಳೆದುಹೋದರೆ ಕಷ್ಟ ಎಂದು ನೆಪ ಹೇಳಿ ಕೈಯಲ್ಲಿ ನಕಲು ಬರೆದು ಕಳಿಸುತ್ತಿದ್ದೆ. ಅದೆಷ್ಟು ಮುದ್ದಾದ ಅಕ್ಷರ ಎಂದು ನೀನು ಹೊಗಳಿದ್ದೆ. ಅರವತ್ತೆಂಟರಲ್ಲೂ ಎಪ್ಪತ್ತೊಂದರಲ್ಲೂ ನೀವು ರಜೆಗೆ ಬಂದಾಗ ಶಾಲೆಗೆ ಬೇಸಿಗೆ ರಜೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತ ಎರಡು ಸಲವೂ ಉಸಿರು ಬಿಟ್ಟೆ.

ಎಪ್ಪತ್ತೊಂದರಲ್ಲಿ ನೀವು ಬರುವ ಹಿಂದಿನ ದಿನ ಗಂಗಾ ತನ್ನ ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕುತ್ತಿದ್ದಳು. ರಜೆಯಲ್ಲಿ ಇದೇಕೆ ಅಂದೆ. ಹಳೆಯ ಚೀಟಿಗಳಲ್ಲಿ ಅಪ್ಪನ ಹೆಸರೆಂದು ನಮ್ಮವರ ಹೆಸರಿತ್ತಲ್ಲ, ಅದಕ್ಕೆ. ತಲೆಯೆತ್ತದೆ, ‘ಅಮ್ಮಂಗೆ ಗೊತ್ತಾಗ್ಬಾರ್ದು ಅಲ್ವಾ ಚಿಕ್ಕಮ್ಮ?’ ಅಂದಳು. ನಾನು ಅಂಟು ಕಲಸಿಕೊಟ್ಟೆ. ಹದಿಮೂರು ವರ್ಷದ ಮಗುವಿಗೆ ಮುಚ್ಚಿಡುವುದನ್ನು ಕಲಿಸಿದವಳು ನಾನು. ನೀನು ಯಾವುದಕ್ಕಾದರೂ ನನ್ನನ್ನು ಬೈಯುವುದಾದರೆ ಇದಕ್ಕೆ ಬೈಯಿ.

ಬ್ಯಾಡರಹಳ್ಳಿಯಲ್ಲಿ ಕೃಷ್ಣಯ್ಯನವರಿಗೆ ಎಲ್ಲ ನೆನಪಿತ್ತು. ನಾನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತ, ಆಗ ನೀವು ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದು ಶುರುಮಾಡಿದೆ. ಅವರು, ‘ನೀವು ಹೇಳಿದ್ದನ್ನೇ ಬರ್ದಿದ್ದೆ ತಾಯಿ. ಇರ್ಲಿ ಬಿಡಿ, ನನ್ನ ತಪ್ಪು ಅಂತ್ಲೇ ಬರ್ಕೊಡ್ತೀನಿ. ಮಗು ಓದ್ಲಿ’ ಅಂದು ಕನ್ನಡಕ ಹುಡುಕಿದರು. ಭಾವನವರು ಆ ಮುದುಕರನ್ನು ಬೈಯಲು ಹೊರಟರೆ ದಯವಿಟ್ಟು ಬಿಡಬೇಡ.

ಈಗ ಅವಳು ದೆಹಲಿಗೆ ಹೋಗಲಿ ಎಂದು ಊದಿನಕಡ್ಡಿ ಹಚ್ಚುವವಳೂ ನಾನೇ. ಹೋದರೆ ಈ ಮನೆಯಲ್ಲಿ ಸಂಜೆ ಯಾರ ದಾರಿ ಕಾಯಲಿ ಎಂದು ಹೆದರುವವಳೂ ನಾನೇ. ಈ ಹೆದರಿಕೆಯನ್ನು ಅವಳಿಗೆ ತೋರಿಸಿಲ್ಲ.

ಇನ್ನೊಂದು ಮಾತು. ನಿನ್ನೆ ಅವಳು ಅರ್ಜಿ ತುಂಬಿಸಿ ತಂದು ನನ್ನ ಮುಂದಿಟ್ಟಳು. ಕೊನೆಯ ಪುಟದಲ್ಲಿ ತಂದೆಯ ಸಹಿ, ತಾಯಿಯ ಸಹಿ ಎಂದು ಎರಡು ಗೆರೆ. ಹತ್ತು ವರ್ಷದ ಅಭ್ಯಾಸ, ಎರಡನೆಯ ಗೆರೆಯ ಮೇಲೆ ಬೆರಳಿಟ್ಟು ಪೆನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಅವಳಿಗೇ ತಿಳಿದು ಮುಖ ಬಾಡಿತು. ಪೆನ್ನನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ನಾನು ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ. ನೀನು ಅವಸರದಲ್ಲಿ ಜಾಗ ತಪ್ಪಬಾರದೆಂದು ಅಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದೇನೆ. ಸಹಿ ಮಾಡಿದ ಮೇಲೆ ಅದನ್ನು ಅಳಿಸಿಬಿಡು.