ತಲುಪಿದ ಗ್ಯಾಸ್ಕೆಟ್, ತಲುಪದ ಧನರಾಜ್

ಕೆಲಸದಲ್ಲಿ ಗಾಯಗೊಂಡವರ ಪರಿಹಾರದ ಅರ್ಜಿಗಳನ್ನು ಆಲಿಸುವ ಮಾನ್ಯ ಅಧಿಕಾರಿಗಳೇ,

ಸಮಸ್ತ ಮಂಗಳೂರಿನ ಮಹಾಜನತೆಗೂ ವಿಶೇಷವಾಗಿ ತಮಗೂ ಈ ಮೂಲಕ ಘೋಷಿಸುವುದೇನೆಂದರೆ, ನಮ್ಮ ಮನೆಯ ಐದು ಲೀಟರಿನ ಕುಕ್ಕರಿಗೆ ಹೊಸ ರಬ್ಬರ್ ಗ್ಯಾಸ್ಕೆಟ್ ಬಂದು ತಲುಪಿದೆ. ಇದು ನನ್ನ ಮಾತಲ್ಲ, ದಾಖಲೆಯ ಮಾತು. ಪಾರ್ಸೆಲ್ ಕಂಪೆನಿಯ ಆ್ಯಪಿನಲ್ಲಿ ಹಸಿರು ಗುರುತು ಬಿದ್ದಿದೆ, ‘ಗ್ರಾಹಕರ ಕೈಗೆ ನೀಡಲಾಗಿದೆ’ ಎಂದು ಬರೆದಿದೆ, ಕಳೆದ ವಿಚಾರಣೆಯ ದಿನ ತಾವೂ ಅದನ್ನು ನಂಬಿದ್ದೀರಿ. ಇನ್ನೂ ನಂಬದೆ ಹಟ ಹಿಡಿದಿರುವುದು ಕುಕ್ಕರ್ ಮಾತ್ರ. ಅದು ಸೀಟಿ ಹೊಡೆಯಬೇಕಾದಲ್ಲಿ ಈಗಲೂ ಸುತ್ತಲಿಂದ ಉಸ್ಸೆಂದು ನಿಟ್ಟುಸಿರು ಬಿಡುತ್ತದೆ.

ಗ್ಯಾಸ್ಕೆಟ್ಟಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಅದನ್ನು ತರುತ್ತಿದ್ದ ಧನರಾಜನ ಬಗ್ಗೆ. ನಮ್ಮ ಮನೆಯ ಮೇಲಿನ ಇಳಿಜಾರಿನ ತಿರುವಿನಲ್ಲಿ ಅವನ ಬೈಕು ಜಾರಿ ಬಲಗಾಲು ಮುರಿಯಿತು. ಆ ಹೊತ್ತಿಗೆ ಅವನು ಕೆಲಸದಲ್ಲಿ ಇರಲಿಲ್ಲ, ಸುಮ್ಮನೆ ಗಾಳಿ ತಿನ್ನಲು ಹೊರಟಿದ್ದ ಖಾಸಗಿ ನಾಗರಿಕನಾಗಿದ್ದ ಎಂದು ಕಂಪೆನಿಯವರು ತಮ್ಮ ಮುಂದೆ ವಾದಿಸಿದ್ದಾರೆ. ಆಧಾರ, ಮೇಲೆ ಹೇಳಿದ ಅದೇ ಹಸಿರು ಗುರುತು. ತಾವು ತಲೆ ಆಡಿಸಿದ್ದೀರಿ. ಆ ತಲೆಯಾಟ ನನಗೆ ನಿದ್ದೆ ಕೊಡುತ್ತಿಲ್ಲ, ಅದಕ್ಕೇ ಪತ್ರಿಕೆಯ ನನ್ನ ಅಂಕಣದ ಜಾಗದಲ್ಲಿ ಈ ಬಹಿರಂಗ ಪತ್ರ.

ಮೊದಲು ನಮ್ಮ ಕೇರಿಯ ಒಂದು ಸಂಪ್ರದಾಯವನ್ನು ತಮ್ಮ ಅವಗಾಹನೆಗೆ ತರಬೇಕು. ನಮ್ಮ ಮನೆ ಇರುವುದು ಶಕ್ತಿನಗರಕ್ಕೂ ವಾಮಂಜೂರಿಗೂ ನಡುವಿನ ಒಂದು ತಗ್ಗಿನಲ್ಲಿ. ಹಿಂದೆ ಗದ್ದೆಯಾಗಿದ್ದ ಜಾಗ, ಈಗ ಏಳೆಂಟು ಮನೆಗಳು. ಈ ತಗ್ಗಿಗೆ ಫೋನ್ ಕರೆ ಇಳಿಯುತ್ತದೆ, ಇಂಟರ್‌ನೆಟ್ ಇಳಿಯುವುದಿಲ್ಲ. ಆದ್ದರಿಂದ ಪಾರ್ಸೆಲ್ ತರುವವರೆಲ್ಲ ಮೇಲೆ, ಗೂಡಂಗಡಿಯ ಎದುರು ಬೈಕು ನಿಲ್ಲಿಸಿ ಕರೆ ಮಾಡುತ್ತಾರೆ. “ಸಾರ್, ಒಟಿಪಿ ಹೇಳಿ, ಕೆಳಗೆ ನೆಟ್ ಇಲ್ಲ.” ನಾವು ಹೇಳುತ್ತೇವೆ. ಅವರು ‘ತಲುಪಿದೆ’ ಎಂದು ಒತ್ತುತ್ತಾರೆ. ಆಮೇಲೆ ತಲುಪಿಸಲು ಹೊರಡುತ್ತಾರೆ. ಕೆಳಗೆ ಬಂದು ಒತ್ತೋಣವೆಂದರೆ ಆ್ಯಪಿನ ಚಕ್ರ ಗಿರಗಿರನೆ ತಿರುಗುತ್ತಲೇ ಇರುತ್ತದೆ, ಮುಂದಿನ ಪಾರ್ಸೆಲ್ ತಡವಾಗುತ್ತದೆ, ತಡ ಮಾಡಿದವನಿಗೆ ಮರುದಿನ ಕೆಲಸ ಕಡಿಮೆಯಾಗುತ್ತದೆ. ಧಾರೆ ಎರೆಯುವ ಮೊದಲೇ ಊಟಕ್ಕೆ ಎಲೆ ಹಾಕಿದ ಹಾಗಾಯಿತು ಎಂದು ತಾವು ನಗಬಹುದು. ಆದರೆ ವರ್ಷಗಳಿಂದ ನಮ್ಮ ಔಷಧಿ, ಮಿಕ್ಸಿ, ಮಕ್ಕಳ ಶೂ ಎಲ್ಲವೂ ಮೊದಲು ದಾಖಲೆಯಲ್ಲಿ ತಲುಪಿ, ಆಮೇಲೆ ಮನೆಗೆ ತಲುಪಿವೆ. ಒಂದೂ ತಪ್ಪಿದ್ದಿಲ್ಲ.

ಆ ಸಂಜೆಯೂ ಕರೆ ಬಂತು.

“ಜಯಣ್ಣ, ಕುಕ್ಕರಿಂದು ಬಂದಿದೆ. ನಂಬರ್ ಹೇಳಿ ಆಯ್ತಾ, ಈಗ ಬರ್ತೇನೆ.”

ಹೇಳಿದೆ.

“ಕಿನ್ನಿ ಅಕ್ಕನಿಗೆ ಹೇಳಿ, ಇನ್ನು ಪದಾರ್ಥ ಕೆಟ್ಟರೆ ಕುಕ್ಕರಿನ ಮೇಲೆ ಹಾಕ್ಲಿಕ್ಕೆ ಇಲ್ಲ ಅಂತ!”

ಕಿನ್ನಿ ಎಂದರೆ ನನ್ನ ಹೆಂಡತಿ. ಧನರಾಜ ನಮ್ಮ ಕಡೆಗೆ ಪಾರ್ಸೆಲ್ ತರುತ್ತಿದ್ದ ಇಷ್ಟು ಕಾಲದಲ್ಲಿ ಅವಳ ಅಡುಗೆಯ ಬಗ್ಗೆ ಮಾತಾಡುವ ಧೈರ್ಯ ಗಳಿಸಿದ ಏಕೈಕ ಗಂಡಸು. ನನಗೆ ಇನ್ನೂ ಬಂದಿಲ್ಲ. ಅವನ ಮಾತನ್ನು ಅವಳಿಗೆ ತಲುಪಿಸಿದೆ. “ಬರ್ಲಿ ಅವ, ಸರಿ ಮಾಡ್ತೇನೆ” ಎಂದಳು.

ಬೈಕಿನ ಸದ್ದು ಇಳಿಜಾರಿನಲ್ಲಿ ಕೇಳಿತು. ನಿಂತಿತು. ಆಮೇಲೆ ಹಾರ್ನ್ ಶುರುವಾಯಿತು, ಬಿಡದೆ, ಒಂದೇ ಸಮನೆ.

“ಎಂತ ಮಾರಾಯ್ರೆ ಇವನ ಅರ್ಜೆಂಟು? ಗೇಟಿನ ಹತ್ರ ಹೋಗಿ ನೋಡಿ, ಕಿವಿ ಹೋಗ್ತದೆ” ಎಂದಳು ಕಿನ್ನಿ.

ಗೇಟಿಗೆ ಹೋದೆ. ಯಾರೂ ಇಲ್ಲ. “ಬಂದೆ ಮಾರಾಯ, ಸಾಕು ಮಾಡು!” ಎಂದು ಮೇಲಕ್ಕೆ ಕೂಗಿದೆ. ಹಾರ್ನ್ ನನ್ನ ಮಾತಿಗೆ ಬೆಲೆ ಕೊಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂಗಿ, ತಾನಾಗಿ ನಿಂತಿತು. ಆಗ ಫೋನಿಗೆ ಒಂದು ಎಸ್ಸೆಮ್ಮೆಸ್ ಬಂತು: ‘ಧನರಾಜ್ ನಿಮ್ಮ ಪಾರ್ಸೆಲನ್ನು ನಿಮ್ಮ ಕೈಗೆ ನೀಡಿದ್ದಾರೆ. ಅವರ ಸೇವೆ ಹೇಗಿತ್ತು?’

ಖಾಲಿ ಕೈಯನ್ನೂ ಖಾಲಿ ರಸ್ತೆಯನ್ನೂ ನೋಡುತ್ತ ನಿಂತೆ. ಮೇಲೆ ಹತ್ತಿ ಹೋಗುವಾಗ ಅವನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ತಿರುವಿನಲ್ಲಿ ಯಾರೋ ಸುರಿದು ಹೋಗಿದ್ದ ಜಲ್ಲಿ, ಒಡೆದ ಕನ್ನಡಿ, ಒಂದು ಚಪ್ಪಲಿ. ಬೈಕು ಬಿದ್ದಾಗ ಹಾರ್ನಿನ ಗುಂಡಿ ಒಂದು ಕಲ್ಲಿಗೆ ಒತ್ತಿಕೊಂಡಿತ್ತಂತೆ. ಬೈಕು ಎತ್ತಿದ ಮೇಲೆಯೇ ಸುಮ್ಮನಾದದ್ದು ಎಂದು ಗೂಡಂಗಡಿಯವರು ಹೇಳಿದರು.

ಮರುದಿನ, ಕಂಪೆನಿಗೆ ಸವಾರರನ್ನು ಒದಗಿಸುವ ಏಜೆನ್ಸಿಯ ಇಬ್ಬರು ಆಸ್ಪತ್ರೆಗೆ ಬಂದರು. ಧನರಾಜನ ತಂದೆ ದೇವದಾಸಣ್ಣ ಮಂಚದ ಬಳಿ ಇದ್ದರು. ಎಷ್ಟಾದರೂ ಮನುಷ್ಯರು, ನೋಡಿ ಹೋಗಲು ಬಂದರು ಎಂದುಕೊಂಡು ಎದ್ದು ಕುರ್ಚಿ ಕೊಟ್ಟರಂತೆ. ಬಂದವರು ಕುಳಿತುಕೊಳ್ಳಲಿಲ್ಲ. “ಬ್ಯಾಗ್ ಎಲ್ಲುಂಟು? ಅದು ಕಂಪೆನಿಯದ್ದು” ಎಂದರು. ಮಂಚದಡಿಯಿಂದ ಅದನ್ನು ಎಳೆದು, ಎಲ್ಲಾದರೂ ಹರಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ, ಸಮಾಧಾನಪಟ್ಟು ಹೊತ್ತುಕೊಂಡು ಹೋದರು. ನನ್ನ ‘ತಲುಪಿದ’ ಪಾರ್ಸೆಲ್ ಅದರೊಳಗೇ ಇತ್ತು. ಮಂಚದ ಮೇಲೆ ಇದ್ದವನನ್ನು ಹೀಗೆ ತಿರುಗಿಸಿ ನೋಡುವ ಪದ್ಧತಿ ಕಂಪೆನಿಯಲ್ಲಿ ಇಲ್ಲವೆಂದು ಕಾಣುತ್ತದೆ.

ಮಾನ್ಯರೇ, ಗಾಯಗೊಂಡ ಪಾರ್ಸೆಲ್ ಸವಾರನಿಗೆ ಕಾನೂನಿನಲ್ಲಿ ಬಾಗಿಲುಗಳು ಕಡಿಮೆ ಇವೆ ಎಂದು ಯಾರೂ ಹೇಳಬಾರದು. ಬೇಕಾದಷ್ಟು ಉಂಟು. ನಮ್ಮ ಲಯನೆಲ್ ವಕೀಲರ ಜೊತೆ ಒಂದೊಂದನ್ನೇ ತಟ್ಟಿ ಬಂದಿದ್ದೇನೆ. ಮೋಟಾರು ಅಪಘಾತದ ನ್ಯಾಯಮಂಡಳಿಗೆ ಹೋಗೋಣವೆಂದರೆ ಎದುರಿನಿಂದ ಒಂದು ವಾಹನ ಬಂದು ಗುದ್ದಿರಬೇಕು. ಜಲ್ಲಿಗೆ ನಂಬರ್ ಪ್ಲೇಟ್ ಇಲ್ಲ. ಅವನ ಬೈಕಿನ ವಿಮೆಯಲ್ಲಿ ಸವಾರನಿಗೂ ರಕ್ಷಣೆ ಉಂಟಲ್ಲ ಎಂದರೆ ವಿಮೆಯವರು, “ಸ್ವಂತ ಬಳಕೆಯ ಬೈಕು, ಆದರೆ ಬೀಳುವಾಗ ಪಾರ್ಸೆಲ್ ಸಾಗಿಸುವ ಕೆಲಸದಲ್ಲಿದ್ದ, ಕೊಡಲಾಗದು” ಎಂದರು. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ ಹೊಸ ಕಾನೂನು ಮಾಡಿದೆಯಲ್ಲ ಎಂದರೆ, ಅಲ್ಲಿ ಇವನು ನಮ್ಮವನೆಂದು ಕಂಪೆನಿ ಒಪ್ಪಬೇಕು. ಕಂಪೆನಿ ಏಜೆನ್ಸಿಯ ಕಡೆ ಬೆರಳು ತೋರಿಸುತ್ತದೆ. ಏಜೆನ್ಸಿ ಹೇಳುತ್ತದೆ, “ಅವನು ನೌಕರನಲ್ಲ, ನಮ್ಮ ಪಾಲುದಾರ.”

ಇಲ್ಲಿ ನನ್ನ ಮೈ ಜುಮ್ಮೆನ್ನುತ್ತದೆ. ವಿಮೆಯವರ ಪ್ರಕಾರ ಬಿದ್ದವನು ಕೆಲಸದಲ್ಲಿದ್ದ, ಆದ್ದರಿಂದ ಏನೂ ಇಲ್ಲ. ಕಂಪೆನಿಯ ಪ್ರಕಾರ ಅವನು ಕೆಲಸದಲ್ಲಿರಲಿಲ್ಲ, ಆದ್ದರಿಂದಲೂ ಏನೂ ಇಲ್ಲ. ಒಂದೇ ತಿರುವು, ಒಂದೇ ಕಾಲು, ಇಬ್ಬರು ಧನರಾಜರು! ಒಬ್ಬ ನಮ್ಮ ಬಾಗಿಲಿಗೆ ಬಂದು ನಗುಮುಖದಿಂದ ಗ್ಯಾಸ್ಕೆಟ್ ಕೊಟ್ಟಿದ್ದಾನೆ. ಇನ್ನೊಬ್ಬ ಜಲ್ಲಿಯ ಮೇಲೆ ಬಿದ್ದು ಹಾರ್ನಿನಲ್ಲಿ ಕೂಗಿದ್ದಾನೆ. ಮೊದಲನೆಯವನನ್ನು ಯಾರೂ ಕಂಡಿಲ್ಲ, ಆದರೆ ಅವನಿಗೆ ದಾಖಲೆ ಉಂಟು. ನಮ್ಮ ತುಳುನಾಡಿನಲ್ಲಿ ಇಂಥವರಿಗೆ ಬೇರೆಯೇ ಹೆಸರಿದೆ. ಮುಸ್ಸಂಜೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಉಳಿದದ್ದು ತಮ್ಮ ಬಾಗಿಲು. ಅಲ್ಲಿ ನಾನು ಸಾಕ್ಷಿಯಾಗಿ ನಿಂತೆ. ನಡೆದ ಸಂಭಾಷಣೆ ತಮಗೆ ಮರೆತಿರಬಹುದು, ನನಗೆ ಬಾಯಿಪಾಠವಾಗಿದೆ.

“ಪಾರ್ಸೆಲ್ ಸಿಕ್ಕಿದೆಯಾ?” ಎಂದು ಕೇಳಿದಿರಿ.

“ಇಲ್ಲ ಸ್ವಾಮಿ.”

“ಒಟಿಪಿ ಕೊಟ್ಟಿದ್ದೀರಾ?”

“ಕೊಟ್ಟಿದ್ದೇನೆ.”

“ಹಾಗಾದರೆ ಸಿಕ್ಕಿದೆ.”

ಕಂಪೆನಿಯ ವಕೀಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾರ್ಸೆಲ್ ತಲುಪಿದ್ದರೆ ಅವನ ಕೆಲಸ ಮುಗಿದಿತ್ತು, ತಲುಪದಿದ್ದರೆ ಅವನು ಸುಳ್ಳು ಒತ್ತಿದ ಮೋಸಗಾರ, ಎರಡರಲ್ಲಿಯೂ ಪರಿಹಾರವಿಲ್ಲ ಎಂದರು. ತಾವು ತಲೆ ಆಡಿಸಿದ್ದು ಇಲ್ಲಿಯೇ. ಮುಂದಿನ ವಿಚಾರಣೆಗೆ ಏನಾದರೂ ಪುರಾವೆ ಇದ್ದರೆ ತನ್ನಿ ಎಂದು ನಮ್ಮನ್ನು ಎಬ್ಬಿಸಿದಿರಿ.

ಲಯನೆಲ್ ವಕೀಲರು ಹೊರಗೆ ಬಂದು, “ಬರಿಯಲಿಕ್ಕೆ ಹೋಗ್ಬೇಡಿ ಜಯಣ್ಣ, ಕೇಸು ನಡೀತಾ ಉಂಟು, ಅವರಿಗೆ ಸಿಟ್ಟು ಬಂದ್ರೆ ಕಷ್ಟ” ಎಂದರು. ಸಿಟ್ಟು ಬರಲಿ. ಆದರೆ ಅವರೇ ಮೆಟ್ಟಿಲಲ್ಲಿ ನಿಂತು ವಿವರಿಸಿದ ಎರಡು ವಿಷಯಗಳನ್ನು ಇಲ್ಲಿ ಬರೆಯದೆ ಇರಲಾರೆ. ಗುತ್ತಿಗೆದಾರನ ಮೂಲಕ ತನ್ನ ವ್ಯಾಪಾರದ ಕೆಲಸ ಮಾಡಿಸಿಕೊಂಡರೂ ಪರಿಹಾರದ ಹೊಣೆ ಮೂಲ ಮಾಲೀಕನ ಮೇಲೆಯೇ ಬರುತ್ತದೆ ಎಂಬ ಮಾತು ಬ್ರಿಟಿಷರ ಕಾಲದ ಕಾನೂನಿನಿಂದಲೇ ಉಂಟು. ಗಾಯಾಳುವಿನ ಪರಿಹಾರವನ್ನು ತಪ್ಪಿಸಲು ಆ ಕಾನೂನು ಹೇಳಿದ ಕಾರಣಗಳೂ ಬೆರಳೆಣಿಕೆಯವು: ಕುಡಿದಿರಬೇಕು, ಇಲ್ಲವೇ ಸುರಕ್ಷತೆಗಾಗಿ ಮಾಡಿದ ನಿಯಮವನ್ನೋ ಕೊಟ್ಟ ಸಲಕರಣೆಯನ್ನೋ ಬೇಕೆಂದೇ ಧಿಕ್ಕರಿಸಿರಬೇಕು. ಧನರಾಜ ಹೆಲ್ಮೆಟ್ ಹಾಕಿದ್ದ. ಕುಡಿದದ್ದು ಗೂಡಂಗಡಿಯ ಅರ್ಧ ಚಹಾ. ಒಂದು ಗುಂಡಿಯನ್ನು ಇನ್ನೂರು ಮೀಟರ್ ಮೊದಲು ಒತ್ತಿದರೆ ಕಾಲು ಮುರಿದದ್ದು ಮುರಿಯದೆ ಹೋಗುತ್ತದೆ ಎಂದು ಯಾವ ಕಾನೂನಿನಲ್ಲಿದೆ?

ಇನ್ನೂ ಒಂದು ಪ್ರಶ್ನೆ, ನನ್ನದೇ ದಡ್ಡ ತಲೆಯಿಂದ ಬಂದದ್ದು. ವಾದಕ್ಕಾಗಿ ಗ್ಯಾಸ್ಕೆಟ್ ನಿಜವಾಗಿಯೂ ನನ್ನ ಕೈ ಸೇರಿತ್ತು ಎಂದೇ ಇಟ್ಟುಕೊಳ್ಳೋಣ. ಆಮೇಲೆ ಧನರಾಜ ಏನು ಮಾಡಬೇಕಿತ್ತು? ನಮ್ಮ ಅಂಗಳದಲ್ಲಿ ಮಾಯವಾಗಿ, ಹಂಪನಕಟ್ಟೆಯ ಯಾವುದಾದರೂ ಲಾಡ್ಜಿನ ಬಾಗಿಲಲ್ಲಿ ಮುಂದಿನ ಪಾರ್ಸೆಲಿನೊಂದಿಗೆ ಪ್ರತ್ಯಕ್ಷನಾಗಬೇಕಿತ್ತೇ? ಬೆನ್ನ ಮೇಲೆ ಇನ್ನೂ ತುಂಬಿದ ಬ್ಯಾಗು ಹೊತ್ತು ಇಳಿಜಾರು ಇಳಿಯುವುದು, ಹತ್ತುವುದು ಕೆಲಸವಲ್ಲದಿದ್ದರೆ ಕೆಲಸ ಎಂದರೆ ಬೆರಳಿನಿಂದ ಗುಂಡಿ ಒತ್ತುವುದು ಮಾತ್ರವೇ? ಹಾಗಾದರೆ ಬೆರಳು ಮುರಿದಿದ್ದರೆ ಕೊಡುತ್ತಿದ್ದಿರೋ?

ಕಳೆದ ವಾರ ಹೊಯ್ಗೆಬಜಾರಿನ ಅವನ ಮನೆಗೆ ಹೋಗಿದ್ದೆ. ಕಾಲಿನೊಳಗೆ ಸರಳು, ಪಾದ ಮಡಚುವುದಿಲ್ಲ, ಬೈಕಿನ ಬ್ರೇಕು ಇನ್ನು ಅವನ ಪಾಲಿಗೆ ಇಲ್ಲ. ಬಾಗಿಲ ಬಳಿ ಕುಳಿತಿದ್ದ ದೇವದಾಸಣ್ಣ ಬಹುಕಾಲ ಮೀನಿನ ಬೋಟಿನಲ್ಲಿ ದುಡಿದವರು.

“ಪಾಲುದಾರ ಅಂತೆ! ಬೋಟಿನಲ್ಲಿ ನಾವೂ ಪಾಲಿನವರೇ ಅಲ್ವಾ ಜಯಣ್ಣ? ಬಲೆ ಎಳೆಯುವಾಗ ನನ್ನ ಕೈ ಸಿಕ್ಕಿದ್ದು, ಮೀನು ಇನ್ನೂ ನೀರಲ್ಲೇ ಇತ್ತು. ಬೋಟು ನಡೆಸುವ ತಾಂಡೇಲ ಬಲೆ ಬಿಟ್ಟು ದಡಕ್ಕೆ ತಿರುಗಿದ. ‘ನಿನ್ನ ಕೆಲಸ ಮುಗಿದಿತ್ತಾ’ ಅಂತ ಕೇಳ್ಲಿಲ್ಲ.”

“ಅಪ್ಪ, ಆ ತಾಂಡೇಲನಿಗೆ ಆ್ಯಪ್ ಇರ್ಲಿಲ್ಲ” ಎಂದ ಧನರಾಜ.

ಅವನನ್ನು ನಗಿಸೋಣವೆಂದು ನಮ್ಮ ಕೇರಿಯ ಸುದ್ದಿ ಹೇಳಿದೆ. ತಿರುವಿನಲ್ಲಿ ಈಗ ಸಂಜೆಯ ಹೊತ್ತು ಹಾರ್ನ್ ಕೇಳುತ್ತದಂತೆ. ಬೇರೆ ಸವಾರರು ಕೆಳಗೆ ಇಳಿಯುವುದಿಲ್ಲ, ಮೇಲೆಯೇ ನಿಂತು ನಮ್ಮನ್ನು ಹತ್ತಿಸುತ್ತಾರೆ. ಯಾರೋ ಅಲ್ಲಿ ಒಂದು ಕೆಂಪು ದಾಸವಾಳ ಇಟ್ಟು ಹೋಗುತ್ತಾರೆ. ಬದುಕಿರುವವನಿಗೆ ಹೂವು!

ಅವನು ನಗಲಿಲ್ಲ. “ಸತ್ತವರಿಗಾದ್ರೂ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸ್ತಾರೆ ಅಣ್ಣ. ನಾನು ಅದಕ್ಕೂ ಇಲ್ಲ, ಇದಕ್ಕೂ ಇಲ್ಲ. ದುಡ್ಡು ಎಷ್ಟು ಕೊಡ್ತಾರೋ ಬಿಡ್ತಾರೋ, ನಾನು ಆ ಹೊತ್ತಿಗೆ ಕೆಲಸದಲ್ಲಿದ್ದೆ ಅಂತ ಒಂದು ಸಲ ಬರೀಲಿ. ಕೆಲವೊಮ್ಮೆ ನನಗೇ ಡೌಟು ಬರ್ತದೆ, ನಾನು ನಿಮ್ಮಲ್ಲಿಗೆ ಬಂದಿದ್ದೆನಾ ಅಂತ.”

ಮನೆಗೆ ಬಂದರೆ ಫೋನಿನಲ್ಲಿ ಮತ್ತೆ ಅದೇ ಸಂದೇಶ, ಧನರಾಜ್ ಅವರ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ‘ಪಾರ್ಸೆಲ್ ಬಂದಿಲ್ಲ’ ಎಂದು ಒತ್ತಿದರೆ ಅವನ ಹೆಸರಿನ ಮೇಲೆ ಮೋಸದ ದೂರು ಏಳುತ್ತದಂತೆ. ಐದು ನಕ್ಷತ್ರ ಕೊಟ್ಟರೆ ಪಾರ್ಸೆಲ್ ಬಂದಿದೆ ಎಂದು ಒಪ್ಪಿದ ಹಾಗೆ. ನಾನು ಏನನ್ನೂ ಒತ್ತದೆ ಫೋನನ್ನು ಮಗುಚಿ ಇಡುತ್ತೇನೆ. ಹೊರಗೆ ಯಾವ ಬೈಕು ಹಾರ್ನ್ ಮಾಡಿದರೂ ಕಿನ್ನಿ ಒಲೆ ಸಣ್ಣ ಮಾಡಿ ಗೇಟಿನ ತನಕ ಹೋಗಿ ಬರುತ್ತಾಳೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಆ ಗುಂಡಿ ಒತ್ತಿದಾಗ ಧನರಾಜನ ಫೋನು ಎಲ್ಲಿತ್ತು ಎಂಬುದು ಕಂಪೆನಿಯ ಬಳಿ ಇರಲೇಬೇಕು; ಅವನು ಚಹಾಕ್ಕೆ ನಿಂತದ್ದನ್ನೂ ಪತ್ತೆ ಹಚ್ಚಿ ‘ಬೇಗ ಹೊರಡಿ’ ಎನ್ನುತ್ತಿದ್ದ ಆ್ಯಪು ಅದು. ಅದನ್ನು ತಂದು ಮುಂದಿಡಿ ಎಂದು ಕಂಪೆನಿಗೆ ಆದೇಶಿಸಿ. ಗುಂಡಿ ಗೂಡಂಗಡಿಯ ಬಳಿ ಒತ್ತಿದ್ದು, ಬಿದ್ದದ್ದು ಅದರ ಕೆಳಗೆ ಎಂದು ಅದೇ ಹೇಳುತ್ತದೆ. ಅಷ್ಟಕ್ಕೂ ಅನುಮಾನವಿದ್ದರೆ ತಾವೇ ಒಂದು ಸಂಜೆ ಬನ್ನಿ, ಇಳಿಜಾರು ಇಳಿದು ನಿಮ್ಮ ಫೋನಿನಲ್ಲಿ ಏನನ್ನಾದರೂ ಒತ್ತಿ ನೋಡಿ. ಆಮೇಲೆ ಆದೇಶದಲ್ಲಿ ಒಂದು ವಾಕ್ಯ ಬರೆಯಿರಿ: ಬಿದ್ದಾಗ ಅವನು ಕೆಲಸದಲ್ಲಿದ್ದ. ಉಳಿದ ಲೆಕ್ಕವನ್ನು ಕಾನೂನು ತಾನೇ ಮಾಡಿಕೊಳ್ಳುತ್ತದೆ.

ಕೊನೆಗೆ, ಈ ಪತ್ರವನ್ನು ಅಧಿಕಾರಿಗಳ ಹೆಗಲ ಮೇಲಿಂದ ಇಣುಕಿ ಓದುತ್ತಿರುವ ಊರಿನವರಲ್ಲಿ ಒಂದು ಚಿಕ್ಕ ವಿನಂತಿ. ರಿಕ್ಷಾ ಬರುವ ಮೊದಲು ಧನರಾಜನ ಸುತ್ತ ನಿಂತು ನಿಮ್ಮಲ್ಲಿ ಕೆಲವರು ವೀಡಿಯೋ ಮಾಡುತ್ತಿದ್ದಿರಂತೆ. ಬಿದ್ದವನನ್ನು ಎತ್ತುವುದು ಬಿಟ್ಟು ಚಿತ್ರ ತೆಗೆಯುವ ಜನ ಎಂದು ನಿಮ್ಮನ್ನು ನಾನು ಅಂಕಣಗಳಲ್ಲಿ ಸಾಕಷ್ಟು ಬೈದಿದ್ದೇನೆ, ಇನ್ನು ಮುಂದೆಯೂ ಬೈಯುತ್ತೇನೆ, ಇವತ್ತೊಂದು ದಿನ ಬಿಟ್ಟು. ದಯವಿಟ್ಟು ಫೋನು ತೆಗೆದು ಆ ವೀಡಿಯೋ ಇನ್ನೂ ಉಂಟಾ ಎಂದು ನೋಡಿ. ಅವನ ಬೆನ್ನ ಮೇಲೆ ಬ್ಯಾಗು ಕಾಣುತ್ತದಾ, ಅದು ಪಾರ್ಸೆಲ್ ತುಂಬಿ ಉಬ್ಬಿ ಉಂಟಾ, ಜಿಪ್ಪು ಹಾಕಿ ಉಂಟಾ ನೋಡಿ. ಕಂಡರೆ ಈ ಪತ್ರಿಕೆಯ ಕಚೇರಿಗೆ ಕಳುಹಿಸಿ. ಫೋನಿನಲ್ಲಿ ಜಾಗ ಸಾಲುತ್ತಿಲ್ಲವೆಂದಾದರೆ ಮೊದಲು ಬೇರೆ ಏನನ್ನಾದರೂ ಅಳಿಸಿ.

ಇಂತಿ,
ಎಲ್ಲವನ್ನೂ ಕಿವಿಯಾರೆ ಕೇಳಿಯೂ
ಕಣ್ಣಾರೆ ಏನನ್ನೂ ಕಾಣದ ಸಾಕ್ಷಿ,
ಜಯ