ಎಲ್ಲವನ್ನೂ ವಿಶ್ವವಿದ್ಯಾಲಯ ಮಾಡಹೊರಟವರಿಗೆ

ಗದಗ, ಫೆಬ್ರವರಿ ಮೂವತ್ತು, 2319

ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೂ ಸಮ ಮಾಡಿಟ್ಟಿದ್ದಾರೆ.

ಮುನ್ನೂರು ವರ್ಷ ಹಿಂದಿನ ಉನ್ನತ ಶಿಕ್ಷಣ ಏಕರೂಪ ಸಮಿತಿಯ ಹಿರಿಯರಿಗೆ ಪಾರವ್ವ ಹೊಂಬಳ ಬರೆಯುವುದೇನೆಂದರೆ, ನನ್ನ ಮಾತಿನಲ್ಲಿ ತಿಳಿಯದ ಪದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾಳೆ ನೀವು ಸಹಿ ಹಾಕಲಿರುವ ಕಾಗದದಿಂದಲೇ ಅವು ಹುಟ್ಟಿದ್ದು.

ಮೊದಲ ಪದ ಸಮಪೀಠ. ನಿಮ್ಮ ಪಾಲಿಟೆಕ್ನಿಕ್, ಐಟಿಐ, ಸಂಜೆ ಕಾಲೇಜು, ನರ್ಸಿಂಗ್ ಶಾಲೆ ಎಲ್ಲವನ್ನೂ ಕಲಸಿ ಕಟ್ಟಿದ ಒಂದೇ ಮುದ್ದೆ ಅದು. ಜರ್ಮನಿಯಲ್ಲಿ ಅರ್ಧ ವಾರ ಪಾಠ, ಅರ್ಧ ವಾರ ಕಾರ್ಖಾನೆ ಇತ್ತಂತೆ. ಜಪಾನಿನಲ್ಲಿ ಹದಿನೈದರ ಮಕ್ಕಳನ್ನೇ ಸೇರಿಸಿಕೊಂಡು ಯಂತ್ರ ಕಲಿಸುತ್ತಿದ್ದರಂತೆ. ಈಗ ಎಲ್ಲಿ ಹೋದರೂ ಅದೇ ಕಟ್ಟಡ, ಅದೇ ಐದು ವರ್ಷ, ಕೊನೆಗೊಂದು ಮಹಾಪ್ರಬಂಧ. ಇದಕ್ಕೆ ಮೇಲೇರಿಕೆ ಎನ್ನುತ್ತಾರೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ!

ನನ್ನ ಬಲಗಾಲು ಮೊಣಕಾಲಿನಿಂದ ಕೆಳಗೆ ಕೃತಕವಾದದ್ದು. ಯುಗಾದಿಯ ಹೊತ್ತಿಗೆ ಅದರ ಕೀಲು ಮುರಿಯಿತು. ನಮ್ಮೂರ ಸಮಪೀಠದಲ್ಲಿ ನಡಿಗೆಶಾಸ್ತ್ರ ಎಂಬ ವಿಭಾಗವಿದೆ. ಅಲ್ಲಿಂದ ಮೇಷ್ಟ್ರುಗಳು ದಂಡುಕಟ್ಟಿಕೊಂಡು ಬಂದರು, ಚಹಾ ಕುಡಿದರು, ಕಾಲು ಕಳಕೊಂಡವರ ಮನಸ್ಸಿನ ಬಗ್ಗೆ ನನ್ನನ್ನೇ ಕೇಳಿ ಬರೆದುಕೊಂಡರು. ಕೀಲು ಕೂರಿಸಿ ಎಂದರೆ ಅದು ತಮ್ಮ ಪಠ್ಯದಲ್ಲಿಲ್ಲವೆಂದು ಹೊರಟೇ ಹೋದರು. ಅಯ್ಯೋ ಶಿವನೇ, ಇವರಿಗೇನು ಹೇಳಲಿ?

ಮಗಳು ಸುಗಂಧಾ ಸಿಟ್ಟಾದಳು. ಅವ್ವನ ಕಾಲು ತಾನೇ ಮಾಡುತ್ತೇನೆಂದು ಹಟ ಹಿಡಿದಳು. ಪೋರ್ಚುಗಲ್ಲಿನ ಒಂದು ಬಂದರಿನಲ್ಲಿ ಹಳೇ ಥರದ ಶಾಲೆಯೊಂದು ಉಳಿದಿದೆ, ಅಲ್ಲಿ ಉಳಿ ಹಿಡಿಸಿ, ಅಚ್ಚು ಹೊಯ್ಯಿಸಿ ಕಾಲು ಮಾಡುವುದನ್ನೇ ಕಲಿಸುತ್ತಾರೆ ಎಂದು ಯಾರೋ ಹೇಳಿದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಹಡಗು ಹತ್ತಿಸಿದೆ. ಹುಡುಗಿ ಅಲ್ಲಿಗೆ ಮುಟ್ಟಿದಾಗ ಬಾಗಿಲಿಗೆ ಹೂಮಾಲೆ, ಒಳಗೆ ಭಾಷಣ. ಅಂದೇ ಆ ಶಾಲೆಗೆ ಮೇಲೇರಿಕೆಯಾಗಿತ್ತು! ಕುಲುಮೆ ಇದ್ದಲ್ಲಿ ಈಗ ಸಭಾಂಗಣವಂತೆ. ಪ್ರಬಂಧ ಬರೆಯುವುದಾದರೆ ಇರು ಎಂದರಂತೆ. ಇಲ್ಲೂ ಬೋರ್ಡು ಬದಲಾಯಿಸಿಬಿಟ್ಟರು ಅವ್ವಾ ಎಂದು ಫೋನಿನಲ್ಲಿ ಅತ್ತಳು. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸ್ವಾಮಿ, ಒಂದೊಂದು ದೇಶದಲ್ಲಿ ಒಂದೊಂದು ಥರದ ಶಾಲೆ ಇದ್ದರೆ ನಿಮಗೇನು ಕಷ್ಟ? ಪಾಲಿಟೆಕ್ನಿಕ್ ಪಾಲಿಟೆಕ್ನಿಕ್ಕಾಗಿಯೇ ಇದ್ದರೆ ಯಾರ ಮಾನ ಹೋಗುತ್ತದೆ? ಎಲ್ಲ ಬೇಡ, ಕುಲುಮೆ ಇರುವ ಒಂದು ಶಾಲೆಯನ್ನಾದರೂ ಇದ್ದ ಹಾಗೆ ಬಿಡಿ. ಸುಗಂಧಾ ಅಲ್ಲಿಗೆ ಹೋಗಿ ಕಲಿಯಲಿ.

ನೀವು ಹಿರಿಯರು. ನಿಮಗೆ ಎದ್ದು ನಿಂತು ಕೈಮುಗಿಯಬೇಕಿತ್ತು. ಆಗುವುದಿಲ್ಲ.

ಕೂತಲ್ಲಿಂದಲೇ ನಮಸ್ಕಾರ.

ಪಾರವ್ವ